ಧಾರವಾಡದಿಂದ ವಂಡರ್‌ಲಾಕ್ಕೆ: ಕೊಟ್ಟ ರೊಕ್ಕ ಸಾರ್ಥಕ ಆತೇನು?

ದಸರಾ ರಜೆ ಬಂತು ಅಂದರೆ ನಮ್ಮ ಮನೆಯಲ್ಲಿ ಒಂದೇ ಜಗಳ. ಮಗಳಿಗೆ ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಪಾರ್ಕು ಬೇಕು, ನಮ್ಮ ಮನೆಯವರಿಗೆ ಲೆಕ್ಕ ಬೇಕು. ಅವರು ಟ್ಯಾಕ್ಸ್ ಆಫೀಸೊಂದರಲ್ಲಿ ಲೆಕ್ಕ ಬರೆಯುವವರು. ಟಿಕೆಟ್ ದರ ಕಂಡ ಕೂಡಲೇ ಅದರಲ್ಲಿ ಜಿಎಸ್‌ಟಿ ಎಷ್ಟು ಅಂತ ಬಿಡಿಸಿ ಹೇಳುತ್ತಾರೆ. "ಇಂಥಾ ಪಾರ್ಕಿಗೆಲ್ಲಾ 2017ರಾಗ 28 ಪರ್ಸೆಂಟ್ ಇತ್ತು. 2018ರ ಜನವರಿಯಾಗ 18ಕ್ಕ ಇಳಿಸಿದ್ರು."

"ಹಂಗಾದ್ರ ಅಗ್ಗ ಆತಲ್ಲ ಪಪ್ಪಾ" ಅಂದಳು ಮಗಳು. ಈ ಸಲ ಗೆದ್ದದ್ದು ಆ ಮಾತಿನಿಂದಲೇ. ಅವಳು ಒಂಬತ್ತನೇ ಕ್ಲಾಸು, ತಮ್ಮ ಮೂರನೇ ಕ್ಲಾಸು. ನಾದಿನಿ ಕೆಂಗೇರಿಯಲ್ಲಿ ಇರೋದರಿಂದ ಅತ್ತೆಯೂ ಹೊರಟರು. ಮಗಳನ್ನು ನೋಡಿದಂಗೂ ಆತು, ಮೊಮ್ಮಕ್ಕಳ ಆಟ ನೋಡಿದಂಗೂ ಆತು ಅಂತ.

ಮೊದಲ ದಿನ: ಗೊಟಗೋಡಿ ದಾಟಿ ಕೆಂಗೇರಿಗೆ

ಬೆಳಿಗ್ಗೆ ಏಳೂವರೆಗೆ ಧಾರವಾಡ ಬಿಟ್ಟೆವು. ಹುಬ್ಬಳ್ಳಿ ದಾಟಿದ ಮೇಲೆ ಬಿಸಿಲು ಏರಿತು. ಶಿಗ್ಗಾಂವಿ ಕಡೆ ಗೋವಿನಜೋಳದ ರಾಶಿ ನಡೆದಿತ್ತು. ಸರ್ವಿಸ್ ರಸ್ತೆಯ ಒಂದು ಮಗ್ಗುಲು ಪೂರ್ತಿ ಕಾಳು ಹರವಿದ್ದರು. ಹೆಂಗಸರು ಸೆರಗು ತಲೆಗೆ ಕಟ್ಟಿಕೊಂಡು, ಕಾಲಿನಿಂದಲೇ ಗೆರೆ ಎಳೆಯುತ್ತಾ ಕಾಳು ತಿರುವುತ್ತಿದ್ದರು. ಗಾಡಿ ಬಂದರೂ ಅವರು ಸರಿಯೋದಿಲ್ಲ, ಗಾಡಿಯೇ ಸರಿಯಬೇಕು.

ಗೊಟಗೋಡಿ ಉತ್ಸವ ರಾಕ್ ಗಾರ್ಡನ್ ಹೆದ್ದಾರಿಯ ಪಕ್ಕದಲ್ಲೇ ಇದೆ, ಜಾನಪದ ವಿಶ್ವವಿದ್ಯಾಲಯದ ಹತ್ತಿರ. ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗಿದ್ದೆವು. ಮಗಳು "ಮೊದಲ ದಿನಾನೇ ಯಾಕ ನಿಲ್ಲಸ್ತೀರಿ" ಅಂತ ಮುಖ ಗಂಟಿಕ್ಕಿದಳು. ಟಿಕೆಟ್ಟಿಗೆ ವಂಡರ್‌ಲಾ ಎದುರು ಚಿಲ್ಲರೆ ಕಾಸು. ನಮ್ಮ ಮನೆಯವರು ತಕರಾರಿಲ್ಲದೆ ಕೊಟ್ಟರು.

ಇಲ್ಲಿ ತಿರುಗುವ, ಹಾರುವ ಯಾವುದೂ ಇಲ್ಲ. ಒಂದಿಡೀ ಹಳ್ಳಿಯನ್ನೇ ಆಳೆತ್ತರದ ಸಿಮೆಂಟಿನ ಗೊಂಬೆಗಳಲ್ಲಿ ನಿಲ್ಲಿಸಿದ್ದಾರೆ. ಹಾಲು ಕರೆಯುವವರು, ಸಂತೆಗೆ ಕೂತವರು, ಕುಸ್ತಿ ಆಡುವವರು. ಇದನ್ನು ಮಾಡಿದವರು ಕಲಾವಿದ ಟಿ.ಬಿ. ಸೊಲಬಕ್ಕನವರ. ಅವರು 2020ರಲ್ಲಿ ತೀರಿಕೊಂಡರು. ಗೊಂಬೆಗಳ ಮುಖ ಒಂದರಂತೆ ಒಂದಿಲ್ಲ. ಅತ್ತೆ ಮಾತ್ರ ಮುಖ ನೋಡಲಿಲ್ಲ, ಸೀರೆ ನೋಡಿದರು. ಒಬ್ಬಳ ಹಿಂದೆ ಹೋಗಿ ಬಗ್ಗಿ ನೋಡಿ, "ಕಚ್ಚಿ ಸರಿಯಾಗಿ ಹಾಕ್ಯಾನ ನೋಡು. ಗಂಡಸು ಮಾಡಿದ್ದಂತ ಅನಸಂಗಿಲ್ಲ" ಅಂದರು. ಮಗ ಸಿಮೆಂಟಿನ ಎಮ್ಮೆಯ ಬಾಲ ಎಳೆಯಲು ಹೋಗಿ ಕಾವಲಿನವನ ಕೈಲಿ ಬೈಸಿಕೊಂಡ.

ಹತ್ತೂವರೆಗೇ ನೆಲ ಕಾದು, ನೆರಳು ಹುಡುಕಿಕೊಂಡು ನಡೆಯುವಂತಾಯಿತು. ಹೋಗುವವರು ಬೆಳಿಗ್ಗೆಯೇ ಹೋಗಿ. ಎರಡು ತಾಸು ಸಾಕು. ಮಗಳು ಗಂಟಿಕ್ಕಿದ ಮುಖದಲ್ಲೇ ನಲವತ್ತು ಫೋಟೊ ತೆಗೆದಿದ್ದಳು, ಅದು ಆಮೇಲೆ ಗೊತ್ತಾಯಿತು.

ದಾವಣಗೆರೆಯಲ್ಲಿ ಬೆಣ್ಣೆ ದೋಸೆಯೇ ಮಧ್ಯಾಹ್ನದ ಊಟ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ಎಣಿಸುತ್ತಾ ಮಗ ನಿದ್ದೆ ಹೋದ. ಹಿರಿಯೂರು ಹತ್ತಿರ ಹಿಂದಿನ ಟೈರು ಕುಳಿತಿತು. ಗಾಲಿಗೆ ಮೊಳೆ ಹೊಕ್ಕಿತ್ತು. ಸ್ಟೆಪ್ನಿ ಹಾಕಿಕೊಂಡು ಸ್ವಲ್ಪ ಮುಂದೆ ಹೋದ ಮೇಲೆ ಒಂದು ಪಂಚರ್ ಅಂಗಡಿ ಸಿಕ್ಕಿತು.

ಅಂಗಡಿಯವನು ಟ್ಯೂಬ್‌ಲೆಸ್ ಟೈರಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುತ್ತಿದ್ದ. ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದ. ಮಗಳು ಹೇಳಿದಳು. "ನನ್ ಮಗಳು ಹೋಗಿ ಬಂದ್ಲು ಮೇಡಂ. ಸ್ಕೂಲಿಂದ ಕರ್ಕೊಂಡ್ ಹೋಗಿದ್ರು. ಗುಂಪಲ್ಲಿ ಹೋದ್ರೆ ಕಮ್ಮಿ ಆಗುತ್ತೆ. ನಾವೇ ಹೋಗ್ಬೇಕಂದ್ರೆ ನಾಲ್ಕು ಜನಕ್ಕೆ ನನ್ನ ಒಂದು ವಾರದ ದುಡಿಮೆ ಬೇಕು" ಅಂದ. ಗುಳ್ಳೆ ಸಿಕ್ಕಿತು. ದಾರ ತುರುಕಿ, ಉಳಿದದ್ದು ಕತ್ತರಿಸಿ, ಮತ್ತೆ ಕೇಳಿದ. "ನಾಲ್ಕು ದಿನ ಅದೇ ಮಾತು ಅವಳದ್ದು. ಒಂದು ವಾರದ ದುಡ್ಡಿಗೆ ನಾಲ್ಕು ದಿನದ ಮಾತು. ಲಾಭಾನಾ ನಷ್ಟಾನಾ, ನೀವೇ ಹೇಳಿ ಸಾರ್?"

ಮನೆಯವರು ನಕ್ಕರು, ಉತ್ತರ ಕೊಡಲಿಲ್ಲ.

ತುಮಕೂರು ದಾಟುವಾಗ ಸಂಜೆ. ನೆಲಮಂಗಲದಲ್ಲಿ ಗಾಡಿಗಳು ನಿಂತೇ ಇದ್ದವು. ಅಲ್ಲಿಂದ ಊರೊಳಗೆ ಹೋಗದೆ ನೈಸ್ ರಸ್ತೆ ಹಿಡಿದರೆ ನೇರ ಮೈಸೂರು ರಸ್ತೆಗೆ ಇಳಿಯಬಹುದು. ಟೋಲು ದುಬಾರಿಯೇ, ಆದರೆ ಮಕ್ಕಳು ಅಳುವ ಹೊತ್ತಿನಲ್ಲಿ ಅದೇನೂ ಜಾಸ್ತಿ ಅನ್ನಿಸೋದಿಲ್ಲ. ಎಂಟು ಗಂಟೆಗೆ ಕೆಂಗೇರಿ. ನಾದಿನಿ ಅಕ್ಕಿ ರೊಟ್ಟಿ, ಅವರೆಕಾಯಿ ಮಾಡಿಟ್ಟಿದ್ದಳು.

"ನೀವು ವಂಡರ್‌ಲಾಕ್ಕ ಯಾವಾಗ ಹೋಗಿದ್ರಿ?" ಅಂತ ಮಗಳು ಕೇಳಿದಳು. ನಾದಿನಿ, ಅವಳ ಗಂಡ ಮುಖ ಮುಖ ನೋಡಿಕೊಂಡರು. ಮದುವೆಯಾಗಿ ಬಂದಾಗಿನಿಂದ ಇಲ್ಲೇ ಇದ್ದಾರೆ. ಬಿಡದಿ ಅರ್ಧ ತಾಸಿನ ದಾರಿ. ಇನ್ನೂ ಹೋಗಿಲ್ಲವಂತೆ! "ಇಲ್ಲೇ ಐತಲ್ಲ, ಹೋದರಾಯ್ತು ಅಂತ" ಅಂದಳು ನಾದಿನಿ.

ಎರಡನೇ ದಿನ: ಬಿಡದಿ

ಹತ್ತು ಗಂಟೆಗೆ ಬಿಡದಿ. ಎಕ್ಸ್‌ಪ್ರೆಸ್‌ವೇ ಹತ್ತಿದರೆ ಬಿಡದಿ ಊರೇ ಕಾಣೋದಿಲ್ಲ, ಮೇಲಿಂದ ಮೇಲೇ ಹೋಗಿಬಿಡುತ್ತೀರಿ. ತಟ್ಟೆ ಇಡ್ಲಿ ಬೇಕೆನ್ನುವವರು ಹಳೇ ರಸ್ತೆಯಲ್ಲೇ ಬರಬೇಕು. ನಾವು ಹಾಗೇ ಬಂದೆವು. ಅಂಗೈಗಿಂತ ಅಗಲದ ಇಡ್ಲಿ, ಮೇಲೊಂದು ಬೆಣ್ಣೆ ಮುದ್ದೆ. ಹೊಟ್ಟೆ ತುಂಬಿಸಿಕೊಂಡೇ ಹೋಗೋದು ಒಳ್ಳೇದು, ಯಾಕಂದರೆ ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡೋದಿಲ್ಲ. ಅತ್ತೆ ಚೀಲದಲ್ಲಿದ್ದ ಶೇಂಗಾ ಹೋಳಿಗೆ ಕಾರಿನಲ್ಲೇ ಉಳಿಯಿತು.

ವಂಡರ್‌ಲಾ ಕಂಪನಿಯ ಮೊದಲ ಪಾರ್ಕು ಇದಲ್ಲ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಅಂತ ಶುರುವಾದದ್ದು ಮೊದಲನೇದು. ಶುರು ಮಾಡಿದವರು ನಮ್ಮ ಮನೆಯ ಟಿವಿ ಪಕ್ಕ ಕೂತಿರುವ ವಿ-ಗಾರ್ಡ್ ಸ್ಟೆಬಿಲೈಜರ್ ಮಾಡಿದವರೇ, ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ. ಬಿಡದಿಯದ್ದು ಬಂದದ್ದು 2005ರಲ್ಲಿ. ಎಂಬತ್ತು ಎಕರೆಗೂ ಜಾಸ್ತಿ ಜಾಗ.

ಟಿಕೆಟ್ಟಿಗೆ ಮಕ್ಕಳ ವಯಸ್ಸು ನೋಡೋದಿಲ್ಲ, ಎತ್ತರ ನೋಡುತ್ತಾರೆ. ಮಗನಿಗೆ ಮಕ್ಕಳ ಟಿಕೆಟ್, ಮಗಳಿಗೆ ದೊಡ್ಡವರದ್ದು. ಶನಿವಾರ, ಭಾನುವಾರಕ್ಕಿಂತ ವಾರದ ದಿನ ಕಡಿಮೆ, ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಂಡರೆ ಇನ್ನೂ ಸ್ವಲ್ಪ ಕಡಿಮೆ. ಕಾಲೇಜು ಐಡಿ ಇದ್ದವರಿಗೂ ರಿಯಾಯಿತಿ ಉಂಟು. ಎಲ್ಲಾ ಕಳೆದು ನಮ್ಮ ಐದು ಜನಕ್ಕೆ ಏಳು ಸಾವಿರದ ಆಸುಪಾಸು ಆಯಿತು. ಅಲ್ಲೇ ಇನ್ನೊಂದು ಟಿಕೆಟ್ ಇದೆ, ಫಾಸ್ಟ್‌ಟ್ರ್ಯಾಕ್ ಅಂತ. ಹೆಚ್ಚುಕಮ್ಮಿ ದುಪ್ಪಟ್ಟು ಕೊಟ್ಟರೆ ಬೇರೆ ಸಾಲು. ಅದು ಬ್ಯಾಡ ಅಂತ ಮನೆಯಲ್ಲೇ ಠರಾವು ಆಗಿತ್ತು.

ನೀರಿಗೆ ಇಳಿಯಲು ನೈಲಾನ್ ಬಟ್ಟೆಯೇ ಬೇಕು, ಕಾಟನ್ ನಡೆಯೋದಿಲ್ಲ. ನಾವು ಧಾರವಾಡದ ಸುಭಾಸ ರೋಡಿನಲ್ಲೇ ಎಲ್ಲರಿಗೂ ಒಂದೊಂದು ಜೊತೆ ತಂದಿದ್ದೆವು. ನಮ್ಮ ಮುಂದಿದ್ದ ಮಂಡ್ಯದ ಕಡೆಯ ಕುಟುಂಬ ತಂದಿರಲಿಲ್ಲ. ಅಂಗಡಿ ಮುಂದೆ ನಿಂತು ಅಪ್ಪ, "ನಾನು ನೀರಿಗಿಳಿಯಲ್ಲ, ನೀವ್ ಹೋಗಿ" ಅನ್ನುತ್ತಿದ್ದ. ಹೆಂಡತಿ ಬಿಡಲಿಲ್ಲ. "ಟಿಕೆಟ್ ತಗೊಂಡಿದ್ದೀರಲ್ಲ, ಇಳೀರಿ ಸುಮ್ನೆ!" ಪಾಪ, ಹೂವಿನ ಚಿತ್ರದ ಚಡ್ಡಿ ಕೊಂಡುಕೊಂಡ.

ಮೊದಲು ಒಣ ಆಟ, ಆಮೇಲೆ ನೀರು ಅಂತ ಮಗಳ ಯೋಜನೆ. ಅದು ಸರಿಯಾದದ್ದೇ. ಬೆಳಿಗ್ಗೆ ದೊಡ್ಡ ಆಟಗಳ ಸಾಲು ಸ್ವಲ್ಪವಾದರೂ ಚಿಕ್ಕದಿರುತ್ತದೆ.

ರೀಕಾಯಿಲ್ ಅನ್ನುವ ರೋಲರ್ ಕೋಸ್ಟರ್ ಹತ್ತಿರ ಮಗನ ಗ್ರಹಚಾರ ಕೆಟ್ಟಿತು. ಎತ್ತರ ಅಳೆಯುವ ಹಲಗೆಯ ಮುಂದೆ ತುದಿಗಾಲಲ್ಲಿ ನಿಂತ. ಅಲ್ಲಿದ್ದ ಹುಡುಗ ನಗುತ್ತಲೇ ಅವನ ಹೆಗಲು ಒತ್ತಿ ಹಿಮ್ಮಡಿ ನೆಲಕ್ಕೆ ತಾಗಿಸಿದ. ಗೆರೆ ಇನ್ನೂ ಮೇಲಿತ್ತು. ಅವನನ್ನು ಅಪ್ಪನ ಜೊತೆ ಪುಟಾಣಿ ರೈಲಿನ ಕಡೆ ಕಳಿಸಿ, ನಾನೂ ಮಗಳೂ ಹತ್ತಿದೆವು.

ಕೂರುವ ಮೊದಲು ಕನ್ನಡಕ ತೆಗೆಸುತ್ತಾರೆ. ನನ್ನದು ಮೈನಸ್ ಐದು. ಹಾಗಾಗಿ ನಾನು ಏನು ನೋಡಿದೆ ಅಂತ ಕೇಳಬೇಡಿ. ಈ ಗಾಡಿ ಮುಂದೆ ಹೊರಡೋದಿಲ್ಲ. ಮೊದಲು ಬೆನ್ನ ಕಡೆಗೆ, ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಟಕ್ ಟಕ್ ಸದ್ದು. ಮುಖ ನೆಲದ ಕಡೆ ಇರುತ್ತದೆ, ಹೆಗಲ ಮೇಲಿನ ಪಟ್ಟಿಯ ಮೇಲೆ ಮೈ ಭಾರ ಬೀಳುತ್ತದೆ. ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಬಿಟ್ಟುಬಿಡುತ್ತಾರೆ. ಮೂರು ಸಲ ತಲೆಕೆಳಗಾಗಿ ಆಚೆ ಗೋಪುರ ಹತ್ತಿ, ಅದೇ ದಾರಿಯಲ್ಲಿ ಹಿಮ್ಮುಖವಾಗಿ ಮತ್ತೆ ಮೂರು ಸಲ. ನನಗೆ ಮೇಲೆ ನೀಲಿ, ಕೆಳಗೆ ಹಸಿರು, ಮತ್ತೆ ನೀಲಿ, ಅಷ್ಟೇ. ಪಕ್ಕದಲ್ಲಿ ಮಗಳು ಕಿರುಚುತ್ತಿದ್ದಳು. ಇಳಿದ ಮೇಲೆ ಅವಳ ಕಾಲು ನಡುಗುತ್ತಿತ್ತು, ಬಾಯಿ ಮಾತ್ರ "ಇನ್ನೊಮ್ಮೆ ಮಮ್ಮಿ" ಅನ್ನುತ್ತಿತ್ತು. ಆ ಹುಡುಗಿ ಮನೆಯಲ್ಲಿ ನನ್ನ ಜೊತೆ ಇಷ್ಟು ಖುಷಿಯಿಂದ ಮಾತಾಡಿ ಎಷ್ಟೋ ದಿನವಾಗಿತ್ತು. ಅದರ ಮೇಲೆ 18 ಪರ್ಸೆಂಟ್ ಹಾಕಿದರೂ ನಾನು ಕೊಡುತ್ತಿದ್ದೆ.

ಆಟ ಎರಡು ನಿಮಿಷದ್ದೂ ಇಲ್ಲ, ಸಾಲು ಮುಕ್ಕಾಲು ತಾಸಿನದು. ಪಕ್ಕದ ಫಾಸ್ಟ್‌ಟ್ರ್ಯಾಕ್ ಸಾಲಿನಲ್ಲಿ ಬಂದವರು ಮಾತಾಡುತ್ತಾ ಬಂದು, ಮಾತು ಮುಗಿಯುವ ಮೊದಲೇ ಹತ್ತಿ ಕೂರುತ್ತಿದ್ದರು. ಅಂದರೆ ಇಲ್ಲಿ ಆಟಕ್ಕೆ ಒಂದು ಬೆಲೆ, ಹೊತ್ತಿಗೆ ಇನ್ನೊಂದು ಬೆಲೆ. ರಜೆಯ ದಿನ ಸಾದಾ ಟಿಕೆಟ್ಟಿನಲ್ಲಿ ಹತ್ತು ಹನ್ನೆರಡು ಆಟ ಆದರೆ ಹೆಚ್ಚು. ಅರವತ್ತು ಆಟ ಇವೆ ಅಂತ ಹೇಳಿಕೊಂಡು ಏನು ಮಾಡೋದು, ಅಲ್ವಾ? ರಜೆ ಇಲ್ಲದ ಮಂಗಳವಾರವೋ ಬುಧವಾರವೋ ಹೋದರೆ ಅದೇ ದುಡ್ಡಿಗೆ ಎರಡರಷ್ಟು ಆಡಬಹುದು.

ಅತ್ತೆ ಅಷ್ಟೊತ್ತಿಗೆ ಮರದ ಕೆಳಗಿನ ಬೆಂಚಿನಲ್ಲಿ ನಮ್ಮ ಚೀಲಗಳ ಮಧ್ಯೆ ಕೂತಿದ್ದರು. ಪಕ್ಕದಲ್ಲಿ ಸೇಲಂನಿಂದ ಬಂದ ಒಬ್ಬ ಅಜ್ಜಿ. ಇವರಿಗೆ ತಮಿಳು ಬರೋದಿಲ್ಲ, ಅವರಿಗೆ ಕನ್ನಡ ಬರೋದಿಲ್ಲ. ಆದರೂ ಮಂಡಿನೋವು, ಸೊಸೆ, ಸಕ್ಕರೆ ಕಾಯಿಲೆ ಎಲ್ಲಾ ಮಾತಾಡಿ ಮುಗಿಸಿದ್ದರು. ನಾನು ಹೋದಾಗ ಅತ್ತೆ, "ಈಕಿನೂ ನನ್ನಂಗ ಟಿಕೀಟ ತಗೊಂಡು ಕುಂತಾಳ" ಅಂದರು.

ಆ ಮಾತು ತಲೆಯಲ್ಲಿ ಉಳಿಯಿತು. ಉಳವಿ ಬಸವಣ್ಣನ ಜಾತ್ರೆಗೆ ಹೋದರೆ ತೊಟ್ಟಿಲು ಹತ್ತಿದವರಷ್ಟೇ ದುಡ್ಡು ಕೊಡುತ್ತಾರೆ. ಅಜ್ಜಿ ಮಿರ್ಚಿ, ಮಂಡಕ್ಕಿ ತಿನ್ನುತ್ತಾ ಕೆಳಗೆ ಪುಕ್ಕಟೆ ಕೂತಿರುತ್ತಾರೆ. ಇಲ್ಲಿ ಗೇಟಿನಲ್ಲೇ ಎಲ್ಲರ ಲೆಕ್ಕ ಒಟ್ಟಿಗೆ. ಹಿರಿಯರಿಗೆ ಸ್ವಲ್ಪ ಕಡಿಮೆ ಮಾಡುತ್ತಾರೆ, ನಿಜ. ಆದರೂ ಆಡದವರು ಆಡುವವರ ಪಾಲಿನದ್ದೂ ಕೊಟ್ಟಂತಾಯಿತು. ಅಮೆರಿಕದ ಡಿಸ್ನಿಲ್ಯಾಂಡಿನಲ್ಲೂ ಮೊದಲು ಜಾತ್ರೆಯ ಪದ್ಧತಿಯೇ ಇತ್ತು. ಆಟಕ್ಕೊಂದು ಚೀಟಿ ಹರಿದು ಕೊಡುವ ಪುಸ್ತಕ ಮಾರುತ್ತಿದ್ದರು. 1982ರಲ್ಲಿ ಅದನ್ನು ಬಿಟ್ಟು ಎಲ್ಲಕ್ಕೂ ಒಂದೇ ಟಿಕೆಟ್ ಮಾಡಿದರು. ಚೀಟಿ ಪುಸ್ತಕ ಉಳಿದಿದ್ದರೆ ನಮ್ಮ ಮನೆಯವರಂಥವರಿಗೆ ಹಬ್ಬ.

ಮಧ್ಯಾಹ್ನ ಊಟವಾದ ಮೇಲೆ ನೀರಿಗೆ ಇಳಿದೆವು. ಅಲೆ ಏಳುವ ಕೊಳದಲ್ಲಿ ಸೈರನ್ ಕೂಗಿದ ಕೂಡಲೇ ಎಲ್ಲರೂ ಹೋ ಅಂದರು. ಹೂವಿನ ಚಡ್ಡಿಯ ಅಪ್ಪ ಎಲ್ಲರಿಗಿಂತ ಮುಂದೆ ಇದ್ದ! ರಬ್ಬರ್ ಟ್ಯೂಬಿನ ಮೇಲೆ ಮಲಗಿ ನಿಧಾನಕ್ಕೆ ತೇಲುವ ಕಾಲುವೆಯಿಂದ ಮಗ ಮೇಲೇಳಲೇ ಒಲ್ಲೆ ಅಂದ. ಎತ್ತರದ ಗೆರೆ ಇಲ್ಲದ ಜಾಗ ಅವನಿಗೆ ಬೇಕಾಗಿತ್ತು.

ಮೂರೂವರೆ ಹೊತ್ತಿಗೆ ಪಶ್ಚಿಮದಲ್ಲಿ ಕಪ್ಪು ಕಟ್ಟಿತು. ಗುಡುಗು ಶುರುವಾದ ಮೇಲೆ ಎತ್ತರದ ಆಟಗಳನ್ನು ನಿಲ್ಲಿಸಿದರು. ಸಿಡಿಲಿನ ಹೊತ್ತಲ್ಲಿ ಯಾರಾದರೂ ಮಾಡಬೇಕಾದದ್ದೇ ಅದು. ಜನವೆಲ್ಲಾ ಮಾಡಿನ ಕೆಳಗೆ. ಒದ್ದೆ ಬಟ್ಟೆ, ನಡುಕ, ಬೋಂಡಾ ವಾಸನೆ. ಮಳೆ ಒಂದು ತಾಸು ಬಿಡಲಿಲ್ಲ. ನಮ್ಮ ಮನೆಯವರು ಗಡಿಯಾರ ನೋಡಿ ಏನೋ ಭಾಗಾಕಾರ ಮಾಡುತ್ತಿದ್ದರು, ನಾನು ಕೇಳಲಿಲ್ಲ. ಅಕ್ಟೋಬರಿನಲ್ಲಿ ಈ ಕಡೆ ಮಧ್ಯಾಹ್ನ ಮಳೆ ಬರುವ ಸಂಭವ ಇದ್ದೇ ಇದೆ. ದೊಡ್ಡ ಆಟ ಬೆಳಿಗ್ಗೆಯೇ ಮುಗಿಸಿದ್ದು ಒಳ್ಳೇದಾಯಿತು.

ಆ ಮಳೆಯಲ್ಲೇ ಅತ್ತೆಯ ಚಪ್ಪಲಿಯ ಉಂಗುಟ ಕಿತ್ತಿತು. ಸೇಲಂ ಅಜ್ಜಿ ತನ್ನ ಸೀರೆಯಿಂದ ಒಂದು ಪಿನ್ನು ತೆಗೆದು ಕೊಟ್ಟರು. ಅದನ್ನು ಚುಚ್ಚಿಕೊಂಡೇ ಅತ್ತೆ ಆ ದಿನ ಪೂರ್ತಿ ನಡೆದರು.

ಮಳೆ ನಿಂತ ಮೇಲೆ ಕಟ್ಟಡದ ತುದಿಯಲ್ಲಿರುವ ಸ್ಕೈ ವ್ಹೀಲ್‌ಗೆ ಹೋಗೋಣ ಅಂತ ಅತ್ತೆಯನ್ನು ಎಬ್ಬಿಸಿದೆ. "ತಲಿ ಕೆಳಗ ಆಗಂಗಿಲ್ಲಲ್ಲ?" ಅಂತ ಎರಡು ಸಲ ಕೇಳಿ ಹೊರಟರು. ಮಳೆ ತೊಳೆದ ಬಯಲು, ತೆಂಗಿನ ತೋಟ, ದೂರದಲ್ಲಿ ರಾಮನಗರದ ಕಡೆಯ ಬಂಡೆಗುಡ್ಡಗಳು. ಅತ್ತೆ ಸೆರಗು ಬಿಗಿಹಿಡಿದು ಕೂತಿದ್ದರು. ಮೇಲಿಂದ ಕೋಸ್ಟರಿನಲ್ಲಿ ಕಿರುಚುವವರನ್ನು ನೋಡಿ, "ಏನ್ ಹುಚ್ಚರದಾರೋ! ರೊಕ್ಕಾ ಕೊಟ್ಟು ಜೀವಾ ಹೆದರಿಸ್ಕೋತಾರ" ಅಂದರು. ಇಳಿದ ಮೇಲೆ, "ಚೊಲೋ ಇತ್ತು" ಅಂದರು. ಹಾಗಾದರೆ ಅವರ ಟಿಕೆಟ್ಟಿಗೆ ಆದದ್ದು ಒಂದೇ ಆಟ. ಆ ದಿನ ಪಾರ್ಕಿನಲ್ಲಿ ಎಲ್ಲರಿಗಿಂತ ದುಬಾರಿ ಆಟ ಆಡಿದವರು ನಮ್ಮ ಅತ್ತೆಯೇ ಇರಬೇಕು.

ಊಟ, ಲಾಕರ್, ಐಸ್‌ಕ್ರೀಮು ಸೇರಿ ದಿನದ ಖರ್ಚು ಹತ್ತು ಸಾವಿರ ದಾಟಿತ್ತು. ಮಕ್ಕಳು ಕಾರು ಹತ್ತಿದ ಕೂಡಲೇ ಮಲಗಿದರು. ಶೇಂಗಾ ಹೋಳಿಗೆ ದೊಡ್ಡವರೇ ತಿಂದೆವು.

ಮೂರನೇ ದಿನ: ರಾಮನಗರ, ಚನ್ನಪಟ್ಟಣ, ಮದ್ದೂರು

ನಾದಿನಿಗೆ ವಿದಾಯ ಹೇಳಿ ಗಂಟುಮೂಟೆ ಸಮೇತ ಹೊರಟೆವು. ಮೊದಲು ರಾಮನಗರದ ಜಾನಪದ ಲೋಕ. ಮಂಗಳವಾರ ರಜೆ, ನೆನಪಿರಲಿ. ಇದು ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಐಎಎಸ್ ಅಧಿಕಾರಿಯಾಗಿದ್ದವರು, ಊರೂರು ತಿರುಗಿ ಹಾಡು, ಕಥೆ, ಪಾತ್ರೆ ಪಗಡ ಸೇರಿಸಿದರು. 1979ರಲ್ಲಿ ಜಾನಪದ ಪರಿಷತ್ತು, 1994ರಲ್ಲಿ ಈ ಲೋಕ. ಹದಿನೈದು ಎಕರೆ. ಎಲ್ಲರ ಟಿಕೆಟ್ ಸೇರಿಸಿದರೂ ನಿನ್ನೆಯ ಒಂದು ಐಸ್‌ಕ್ರೀಮಿನ ಸುತ್ತಿಗೆ ಸಮ.

ಮಗಳು ಒಪ್ಪಲಿಲ್ಲ. ಅರ್ಧ ತಾಸಿಗೆ ಅವಳ ಲೋಕ ಮುಗಿಯಿತು. ಒಂದು ಕಟ್ಟೆಯ ಮೇಲೆ ಕೂತು ನಿನ್ನೆಯ ವಿಡಿಯೊ ಗೆಳತಿಯರಿಗೆ ಕಳಿಸುತ್ತಿದ್ದಳು. ನಾನು ಸುಮ್ಮನಿದ್ದೆ. ನಮಗೆ ಇಷ್ಟವಾದದ್ದು ಅವರಿಗೂ ಆಗಬೇಕು ಅನ್ನೋದು ಯಾವ ನ್ಯಾಯ?

ಅತ್ತೆ ಮಾತ್ರ ಚಪ್ಪಲಿಯ ಪಿನ್ನನ್ನೂ ಮರೆತು ಓಡಾಡಿದರು. ಲೋಕಮಹಲಿನಲ್ಲಿ ಬೀಸುಕಲ್ಲು, ಸೇರು, ಪಾವು, ಕೊಳಗ ಎಲ್ಲದರ ಮುಂದೆ ನಿಂತು ಮೊಮ್ಮಗನಿಗೆ ಪಾಠ. ಕಪಾಟಿನ ಗಾಜಿಗೆ ಬೆರಳಿಟ್ಟು, "ಇದು ನಮ್ಮ ಅಟ್ಟದ ಮ್ಯಾಲೂ ಐತಿ" ಅಂತ ಹೇಳಿದ್ದೇ ಹೇಳಿದ್ದು. ಆದರೆ ಒಂದು ಕಡೆ ಅವರೂ ಸಿಕ್ಕಿಬಿದ್ದರು. ಕವಲೊಡೆದ ಒಂದು ಕೋಲು ಇತ್ತು. ಏನು ಅಂತ ತಿಳಿಯಲಿಲ್ಲ. ಗುಡಿಸುತ್ತಿದ್ದ ಹೆಂಗಸು ಪೊರಕೆ ಗೋಡೆಗೆ ಆನಿಸಿ ಬಂದಳು.

"ಅದು ಕವೆಗೋಲು ಅಜ್ಜಿ. ಮುದ್ದೆ ತೊಳಿಸುವಾಗ ಪಾತ್ರೆ ಅಲ್ಲಾಡ್ದಂಗೆ ಹಿಡ್ಕೊಳಕ್ಕೆ."

"ನಮ್ಮಲ್ಲಿ ಮುದ್ದಿ ಎಲ್ಲೈತಿ? ನಮ್ದು ರೊಟ್ಟಿ."

"ರೊಟ್ಟಿ ಬಡಿಯೋದು ನಮ್ ಕೈಲಿ ಆಗಲ್ಲ ಬುಡಿ" ಅಂದಳು ಅವಳು. ಆಮೇಲೆ ಇಬ್ಬರೂ ಜೋಳದ ಹಿಟ್ಟು ಹೇಗೆ ನಾದಬೇಕು ಅನ್ನುವುದಕ್ಕೆ ಹತ್ತು ನಿಮಿಷ ತೆಗೆದುಕೊಂಡರು. ಬಿಸಿನೀರು ಹಾಕದೆ ನಾದಿದರೆ ರೊಟ್ಟಿ ಹರಿಯುತ್ತದೆ ಅನ್ನೋದು ಅತ್ತೆಯ ಕೊನೆಯ ಮಾತು. ಪಕ್ಕದ ಕಾಮತ್ ಲೋಕರುಚಿಯಲ್ಲಿ ಜೋಳದ ರೊಟ್ಟಿ ಊಟ ಸಿಗುತ್ತದೆ. ಅತ್ತೆ ತಿಂದು, "ತೆಳ್ಳಗ ಮಾಡ್ಯಾರ" ಅಂತ ಪಾಸು ಮಾಡಿದರು.

ಚನ್ನಪಟ್ಟಣಕ್ಕೂ ಹಳೇ ರಸ್ತೆಯಲ್ಲೇ ಹೋಗಬೇಕು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಜನ ಇತ್ತ ಇಳಿಯೋದೇ ಕಡಿಮೆ. ಒಂದು ಗೊಂಬೆ ಅಂಗಡಿಯವರು ಹೇಳಿದ್ದೂ ಅದನ್ನೇ. "ಮೊದ್ಲು ಮೈಸೂರಿಗೆ ಹೋಗೋರೆಲ್ಲ ಇಲ್ಲಿ ಒಂದು ಗಳಿಗೆ ನಿಲ್ತಿದ್ರು. ಈಗ ಭರ್ ಅಂತ ಹೋಗ್ತಾರೆ. ಮಗು ಹಟ ಮಾಡಿದ್ರೂ ಗಾಡಿ ನಿಲ್ಲಿಸೋ ಹಾಗಿಲ್ವಲ್ಲ." ಅವರೇ ಹಿಂದಿನ ಓಣಿಯಲ್ಲಿ ಕೆಲಸ ನಡೆಯುವ ಶೆಡ್ಡು ತೋರಿಸಿದರು.

ಅಲ್ಲಿ ವಯಸ್ಸಾದ ಒಬ್ಬರು ಲೇತಿನ ಮುಂದೆ ಕೂತಿದ್ದರು. ಹಾಲೆ ಮರದ ಬಿಳೀ ತುಂಡು ಗಿರ್ರನೆ ತಿರುಗುತ್ತಿತ್ತು. ಉಳಿ ತಾಗಿಸಿದರೆ ಮರ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಐದೇ ನಿಮಿಷಕ್ಕೆ ಬುಗುರಿಯ ಹೊಟ್ಟೆ ಬಂತು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿತು. ಮೊದಲು ಮಂಕು, ಅಲ್ಲಲ್ಲಿ ಗಂಟು. ತಾಳೆಗರಿ ಒತ್ತಿ ಹಿಡಿದರು ನೋಡಿ, ಒಂದು ಉಸಿರಿನಲ್ಲಿ ಹೊಳಪು ಬಂದುಬಿಟ್ಟಿತು. ಬ್ರಷ್ಷಿಲ್ಲ, ಪೇಂಟಿಲ್ಲ. ಮಗ ಕಣ್ಣು ಮಿಟುಕಿಸದೆ ನಿಂತಿದ್ದ. ಫೋನು ಬಿಟ್ಟು ಮಗಳೂ ಬಂದು ನಿಂತಳು. "ನಾನು ಮಾಡ್ಲಾ?" ಅಂದಳು. ಅವರು ಅವಳ ಕೈಗೆ ಹಳದಿ ಅರಗು ಕೊಟ್ಟು, ತಮ್ಮ ಕೈಯನ್ನು ಮೇಲಿಟ್ಟು ಒಂದು ಪಟ್ಟೆ ಹಾಕಿಸಿದರು. ಪಟ್ಟೆ ಸೊಟ್ಟಗಾಯಿತು. "ಇದು ಮಾರಕ್ಕಾಗಲ್ಲ, ನೀವೇ ತಗೊಳ್ಳಿ" ಅಂತ ನಕ್ಕರು. ಅರವತ್ತು ರೂಪಾಯಿ. ನಮ್ಮ ಮನೆಯವರು ನೂರು ಕೊಟ್ಟು ಚಿಲ್ಲರೆ ಬೇಡ ಅಂದರು. ಇದು ನಮ್ಮ ಮನೆಯ ಇತಿಹಾಸದಲ್ಲಿ ದಾಖಲಾಗಬೇಕು.

ಶೆಡ್ಡಿಗೆ ಹೋಗುವವರು ಅಂಗಡಿಯಲ್ಲಿ ಕೇಳಿಕೊಂಡೇ ಹೋಗಿ. ಅದು ಅವರ ಕೆಲಸದ ಜಾಗ. ನಿಂತು ನೋಡಿದ ಮೇಲೆ ಏನಾದರೂ ಕೊಂಡುಕೊಂಡು ಬನ್ನಿ.

ಮದ್ದೂರಿನಲ್ಲಿ ವಡೆ, ಕಾಫಿ. ಬೆಂಗಳೂರಿಗೆ ವಾಪಸ್ ಹೋಗದೆ ಮದ್ದೂರಿನಿಂದ ಹುಲಿಯೂರುದುರ್ಗ, ಕುಣಿಗಲ್ ಮೇಲೆ ತುಮಕೂರಿಗೆ ಬಂದೆವು. ಉತ್ತರದ ಕಡೆಯವರಿಗೆ ಒಳ್ಳೇ ದಾರಿ. ಎರಡೂ ಕಡೆ ರಾಗಿ ಹೊಲ, ತೆನೆ ಇನ್ನೂ ಹಸಿರು. ಹುಲಿಯೂರುದುರ್ಗದ ಬಂಡೆ ನೋಡಿ ಮಗ, "ಇದರ ಮ್ಯಾಲೆ ರೋಲರ್ ಕೋಸ್ಟರ್ ಮಾಡಿದ್ರ?" ಅಂದ. ಕುಣಿಗಲ್ ಕೆರೆ ತುಂಬಿತ್ತು. ಏರಿಯ ಮೇಲೆ ಜೋಳದ ತೆನೆ ಸುಡುತ್ತಿದ್ದವನ ಹತ್ತಿರ ಐದು ತೆನೆ ತಗೊಂಡೆವು. ರಾತ್ರಿ ಚಿತ್ರದುರ್ಗದಲ್ಲಿ ಉಳಿದೆವು. ಲಾಡ್ಜಿನಲ್ಲಿ ಬಿಸಿನೀರು ಬರುತ್ತೆ ಅಂದಿದ್ದರು, ಬರಲಿಲ್ಲ. ಎಲ್ಲರಿಗೂ ನಿದ್ದೆ ಬಂದಿದ್ದರಿಂದ ಜಗಳ ಬೆಳೆಯಲಿಲ್ಲ.

ನಾಲ್ಕನೇ ದಿನ: ಮನೆ ಕಡೆ

ದಾರಿಯಲ್ಲಿ ನಮ್ಮ ಮನೆಯವರು ನನ್ನಿಂದ ಲೆಕ್ಕ ಬರೆಸಿದರು. ವಂಡರ್‌ಲಾ ಇಷ್ಟು, ಜಾನಪದ ಲೋಕ ಇಷ್ಟು, ಗೊಟಗೋಡಿ ಇಷ್ಟು. "ಮೂರೂ ಕಡೆ ಒಂದೊಂದು ತಾಸಿಗೆ ಎಷ್ಟು ಬಿತ್ತು ನೋಡು" ಅಂದರು.

ಮಗಳು ಹಿಂದಿನ ಸೀಟಿನಿಂದ ಬಗ್ಗಿದಳು. "ಡೀಸೆಲ್ ಬರೀರಿ ಪಪ್ಪಾ. ಟೋಲು, ಪಂಚರ್, ಲಾಡ್ಜು ಬರೀರಿ."

ಬರೆದೆ. ಡೀಸೆಲ್ಲು, ಟೋಲು ಸೇರಿದರೆ ಹೆಚ್ಚುಕಮ್ಮಿ ಟಿಕೆಟ್ಟಿನ ಮೊತ್ತಕ್ಕೇ ಬಂತು! ಕೆಂಗೇರಿಯವರಿಗೆ ಈ ಖರ್ಚು ಇಲ್ಲ. ಧಾರವಾಡದವರಿಗೆ, ಬೀದರಿನವರಿಗೆ ಪಾರ್ಕು ದುಬಾರಿ ಆಗೋದು ಗೇಟಿಗೆ ಬರುವ ಮೊದಲೇ. ಹಾಗಾಗಿ ಅದಕ್ಕೋಸ್ಕರವೇ ಅಷ್ಟು ದೂರ ಹೋಗಬೇಡಿ ಅಂತಲೇ ನಾನು ಹೇಳೋದು. ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಒಂದು ವಾರದ ದಿನ ಇದಕ್ಕೆ ಇಡಿ. ಹನ್ನೆರಡು ವರ್ಷ ದಾಟಿದ ಮಕ್ಕಳಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಚಿಕ್ಕವರಿದ್ದರೆ ಇನ್ನೊಂದೆರಡು ವರ್ಷ ಎತ್ತರ ಬೆಳೆಯಲಿ. ಹಿರಿಯರನ್ನು ಕೇಳಿಯೇ ಕರೆದುಕೊಂಡು ಹೋಗಿ, ನೀರಿನ ಆಟವೂ ಬೇಡ, ತಿರುಗುವುದೂ ಬೇಡ ಅಂದರೆ ಅವರ ಟಿಕೆಟ್ಟಿನ ದುಡ್ಡಿಗೆ ಒಂದು ಒಳ್ಳೇ ಚಪ್ಪಲಿ ಬರುತ್ತದೆ.

"ಮುಂದಿನ ಸಲ ನಾನು ನನ್ನ ಫ್ರೆಂಡ್ಸ್ ಜೊತಿ ಹೋಗ್ತೀನಿ. ಕಾಲೇಜಿಗೆ ಹೋದ ಮ್ಯಾಲೆ. ಐಡಿ ಕಾರ್ಡಿಗೆ ಕಮ್ಮಿ ಮಾಡ್ತಾರ" ಅಂದಳು ಮಗಳು.

"ಟ್ರೇನಿನಾಗ ಹೋಗು" ಅಂದರು ಅವರಪ್ಪ.

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. "ನಾ ಬರಂಗಿಲ್ಲ. ಆ ಸೇಲಂದಾಕಿ ಬರ್ತಾಳಂದ್ರ ನೋಡೂಣು."